ಪ್ರಯೋಗಾಲಯದ ಶೋಧಕ್ಕೆ ಜನರ ಹಣ

ಪ್ರಶ್ನೆ: ನಾವು ಮೂವರು ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ನೀರಿನ ಗುಣಮಟ್ಟ ಅಳೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಉಪಕರಣವನ್ನು ರೂಪಿಸಿದ್ದೇವೆ. ಸಂಶೋಧನಾ ಅನುದಾನ ಮುಗಿದಿದೆ. ಹೂಡಿಕೆದಾರರು ಮಾರಾಟ ಆರಂಭವಾದ ಮೇಲೆ ಬರಲು ಹೇಳುತ್ತಾರೆ. ಕ್ರೌಡ್‌ಫಂಡಿಂಗ್ ಮೂಲಕ ಕಂಪನಿ ಆರಂಭಿಸಬಹುದೇ?

ಉತ್ತರ: ಆರಂಭಿಸಬಹುದು. ವಿಶ್ವವಿದ್ಯಾಲಯದ ಅನುದಾನವು ಸಾಮಾನ್ಯವಾಗಿ ತತ್ತ್ವವೊಂದು ಸರಿಯೆಂದು ಸಾಬೀತಾಗುವವರೆಗೆ ಮಾತ್ರ ಜೊತೆಗಿರುತ್ತದೆ. ಹೂಡಿಕೆದಾರರು ಬರುವುದು ಕೊಳ್ಳುವವರಿದ್ದಾರೆ ಎಂದು ಖಚಿತವಾದ ಮೇಲೆ. ಇವೆರಡರ ನಡುವೆ ಯಾರ ಹಣವೂ ಸಿಗದ ಒಂದು ಅವಧಿಯಿದ್ದು, ಒಳ್ಳೆಯ ಶೋಧಗಳೆಷ್ಟೋ ಅಲ್ಲಿಯೇ ಕಮರಿಹೋಗುತ್ತವೆ. ಸಾವಿರಾರು ಜನರಿಂದ ಸಣ್ಣ ಸಣ್ಣ ಮೊತ್ತ ಸಂಗ್ರಹಿಸುವ ಈ ವಿಧಾನ ನಿಮ್ಮಂಥವರಿಗೆ ನೆರವಾಗುವುದು ಆ ಅವಧಿಯಲ್ಲಿ.

ಆದರೆ ಜನರು ಯಾವ ನಂಬಿಕೆಯ ಮೇಲೆ ಹಣ ಕೊಡುತ್ತಾರೆ ಎಂಬುದನ್ನು ನೀವು ಮೊದಲು ತೀರ್ಮಾನಿಸಿಕೊಳ್ಳಬೇಕು. ದೇಣಿಗೆಯಾಗಿ ಕೊಟ್ಟವರು ಏನನ್ನೂ ಹಿಂದೆ ಕೇಳುವುದಿಲ್ಲ. ಸಾಲವಾಗಿ ಕೊಟ್ಟವರು ಬಡ್ಡಿ ಕೇಳುತ್ತಾರೆ. ಷೇರಿಗಾಗಿ ಕೊಟ್ಟವರು ಕಂಪನಿಯಲ್ಲಿ ಪಾಲು ಕೇಳುತ್ತಾರೆ. ಉತ್ಪನ್ನಕ್ಕಾಗಿ ಕೊಟ್ಟವರು, ಇನ್ನೂ ತಯಾರಾಗದ ವಸ್ತುವಿಗೆ ಮುಂಗಡ ಕೊಟ್ಟ ಗ್ರಾಹಕರಂತೆ, ಅದು ಕೈಗೆ ಬರುವುದನ್ನು ಕಾಯುತ್ತಾರೆ. ನಿಮ್ಮದು ಕೈಯಲ್ಲಿ ಹಿಡಿದು ತೋರಿಸಬಹುದಾದ ಉಪಕರಣವಾದ್ದರಿಂದ ಈ ಕೊನೆಯ ಬಗೆಯೇ ನಿಮಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಓದಿದವರು ಕಟ್ಟಿದ ಫಾರ್ಮ್‌ಲ್ಯಾಬ್ಸ್ ಕಂಪನಿಯು 2012ರಲ್ಲಿ ತನ್ನ ತ್ರಿಆಯಾಮ ಮುದ್ರಕಕ್ಕಾಗಿ ಕಿಕ್‌ಸ್ಟಾರ್ಟರ್ ವೇದಿಕೆಯಲ್ಲಿ 1 ಲಕ್ಷ ಡಾಲರ್ ಕೇಳಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿ ಕೊಟ್ಟದ್ದು ಸುಮಾರು 29 ಲಕ್ಷ ಡಾಲರ್. ಆ ಹಣಕ್ಕಿಂತಲೂ ಬೆಲೆಯುಳ್ಳದ್ದು ಅದರೊಂದಿಗೆ ಸಿಕ್ಕ ಉತ್ತರ: ಇಂಥ ಯಂತ್ರವನ್ನು ಕೊಳ್ಳುವವರಿದ್ದಾರೆ ಎಂಬುದು ಹೂಡಿಕೆದಾರರಿಗೆ ತೋರಿಸಬಹುದಾದ ಲೆಕ್ಕವಾಗಿ ದೊರಕಿತು.

ಇನ್ನೂ ಮೂಲಭೂತ ಸಂಶೋಧನೆಯ ಹಂತದಲ್ಲಿರುವವರು ಈ ದಾರಿ ಹಿಡಿದರೆ, ಅದನ್ನು ಪ್ರಯೋಗವೆಂದೇ ಹೇಳಿ ಹಣ ಕೇಳಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಜ್ಯಾಕ್ ಮ್ಯಾಂಚೆಸ್ಟರ್ 2011ರಲ್ಲಿ ಹಾಗೆಯೇ ಮಾಡಿದರು. ಬಿಸ್ಕತ್ತಿನಷ್ಟು ಪುಟ್ಟ ಉಪಗ್ರಹಗಳನ್ನು ಹೊತ್ತೊಯ್ಯುವ ಕಿಕ್‌ಸ್ಯಾಟ್ ಎಂಬ ಯೋಜನೆಗೆ 315 ಜನರಿಂದ ಸುಮಾರು 75 ಸಾವಿರ ಡಾಲರ್ ಕೂಡಿತು. 2014ರಲ್ಲಿ ಅದು ಕಕ್ಷೆ ಸೇರಿತಾದರೂ ಪುಟ್ಟ ಉಪಗ್ರಹಗಳನ್ನು ಹೊರಬಿಡುವ ಮೊದಲೇ ವಾತಾವರಣಕ್ಕೆ ಮರಳಿ ಉರಿದುಹೋಯಿತು. ಅದರ ಮುಂದಿನ ನೌಕೆ 2019ರ ಮಾರ್ಚ್‌ನಲ್ಲಿ ಆ ಕೆಲಸವನ್ನು ಪೂರೈಸಿತು. ಮೊದಲ ಸೋಲಿನ ಬಳಿಕವೂ ಕೆಲಸ ಮುಂದುವರಿದ ಆ ಬಗೆ ನನಗೆ ಬಹಳ ಹಿಡಿಸುತ್ತದೆ.

ಪ್ರಶ್ನೆ: ಪ್ರಚಾರದ ವಿಡಿಯೊ ಸಿದ್ಧವಾಗಿದೆ. ಆದರೆ ಶೋಧ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಎಂದು ಒಬ್ಬರು ಹೇಳಿದರೆ, ವಿಡಿಯೊ ಬಿಡುಗಡೆಯಾದರೆ ಪೇಟೆಂಟ್ ಸಿಗುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಸರಿಯಿರಬಹುದು. ದಯವಿಟ್ಟು ವಿಡಿಯೊವನ್ನು ಇಂದೇ ತಡೆಹಿಡಿಯಿರಿ.

ಪೇಟೆಂಟ್ ದೊರೆಯಲು ಶೋಧವು ಹೊಸದಾಗಿರಬೇಕು, ಅಂದರೆ ಅರ್ಜಿ ಸಲ್ಲಿಸುವ ದಿನದವರೆಗೆ ಜಗತ್ತಿನ ಎಲ್ಲಿಯೂ ಅದು ಬಹಿರಂಗವಾಗಿರಬಾರದು. ಯುರೋಪಿನ ಪೇಟೆಂಟ್ ವ್ಯವಸ್ಥೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿದ್ದು, ಶೋಧಕರು ತಾವೇ ಪ್ರಕಟಿಸಿದ್ದರೂ ಹೊಸತನ ಕಳೆದುಹೋಯಿತೆಂದೇ ಸಾಮಾನ್ಯವಾಗಿ ಪರಿಗಣಿಸುತ್ತದೆ. ಅಮೆರಿಕದಲ್ಲಿ ಶೋಧಕರ ಸ್ವಂತ ಪ್ರಕಟಣೆಗೆ ಒಂದು ವರ್ಷದ ಕಾಲಾವಕಾಶವಿದೆ. ಆದರೆ ಉಪಕರಣದ ಒಳರಚನೆಯನ್ನು ಉತ್ಸಾಹದಿಂದ ವಿವರಿಸುವ ಮೂರು ನಿಮಿಷದ ಒಂದು ವಿಡಿಯೊ ಉಳಿದ ಹಲವು ದೇಶಗಳ ಹಕ್ಕನ್ನು ಒಂದೇ ದಿನದಲ್ಲಿ ಕಳೆದುಬಿಡಬಲ್ಲದು, ಮತ್ತು ಹಾಗೆ ಕಳೆದುಹೋದದ್ದನ್ನು ಮರಳಿ ಪಡೆಯುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕನಿಷ್ಠ ಪ್ರಾಥಮಿಕ ಅರ್ಜಿಯನ್ನಾದರೂ ಸಲ್ಲಿಸಿ, ಅದರ ದಿನಾಂಕ ಕೈಗೆ ಬಂದ ಮೇಲೆ ಪ್ರಚಾರ ಆರಂಭಿಸಬೇಕು.

ಒಡೆತನದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಅನೇಕ ವಿಶ್ವವಿದ್ಯಾಲಯಗಳ ನಿಯಮದಂತೆ ಉದ್ಯೋಗಿಗಳ ಶೋಧ ಸಂಸ್ಥೆಗೆ ಸೇರುತ್ತದೆ. ವಿದ್ಯಾರ್ಥಿಗಳ ವಿಷಯದಲ್ಲಿ ಅವರು ಅನುದಾನದ ಯೋಜನೆಯಲ್ಲಿ ದುಡಿದರೇ, ಸಂಸ್ಥೆಯ ಸಲಕರಣೆಗಳನ್ನು ಬಳಸಿದರೇ, ಸೇರುವಾಗ ಯಾವ ಪತ್ರಕ್ಕೆ ಸಹಿ ಹಾಕಿದ್ದರು ಎಂಬುದನ್ನೆಲ್ಲ ನೋಡಲಾಗುತ್ತದೆ. ನಿಮ್ಮ ಮಾರ್ಗದರ್ಶಕರು ಉದ್ಯೋಗಿಯಾಗಿರುವುದರಿಂದ ಶೋಧದಲ್ಲಿ ಅವರ ಪಾಲಿದ್ದರೆ ಸಂಸ್ಥೆಯ ಹಕ್ಕೂ ಇದ್ದೇ ಇರುತ್ತದೆ ಎಂದುಕೊಂಡು ಮುಂದುವರಿಯುವುದು ಕ್ಷೇಮ. ಶೋಧಗಳ ಹಕ್ಕು, ಪರವಾನಗಿಗಳನ್ನು ನೋಡಿಕೊಳ್ಳುವ ವಿಶ್ವವಿದ್ಯಾಲಯದ ತಂತ್ರಜ್ಞಾನ ವರ್ಗಾವಣೆ ಕಚೇರಿಗೆ ಹೋಗಿ ಶೋಧವನ್ನು ಲಿಖಿತವಾಗಿ ತಿಳಿಸಿ, ಕಂಪನಿಗೆ ಪರವಾನಗಿ ಕೇಳಿ, ಸಂಸ್ಥೆಯ ಪಾಲು ಎಷ್ಟೆಂಬುದನ್ನು ಹಣ ಬರುವ ಮೊದಲೇ ಬರೆಸಿಕೊಳ್ಳಿ. ಪ್ರಚಾರ ಗೆದ್ದ ಮೇಲೆ ಈ ಮಾತುಕತೆ ಆರಂಭವಾದರೆ ಉಪಕರಣಕ್ಕಾಗಿ ಕಾಯುತ್ತಿರುವ ನೂರಾರು ಜನರ ಒತ್ತಡವೂ ನಿಮ್ಮ ಮೇಲಿರುತ್ತದೆ, ಆಗ ಚೌಕಾಸಿಗೆ ಜಾಗವಿರುವುದಿಲ್ಲ.

ಬೇರೆಯವರ ಪೇಟೆಂಟ್‌ಗಳನ್ನೂ ಹುಡುಕಿ ನೋಡಿ. ಮೇಲೆ ಹೇಳಿದ ಫಾರ್ಮ್‌ಲ್ಯಾಬ್ಸ್ ಮೇಲೆ ಅದರ ಪ್ರಚಾರ ಮುಗಿದ ಮರುತಿಂಗಳೇ ತ್ರೀಡಿ ಸಿಸ್ಟಮ್ಸ್ ಕಂಪನಿ ಪೇಟೆಂಟ್ ಉಲ್ಲಂಘನೆಯ ಮೊಕದ್ದಮೆ ಹೂಡಿತು. ಹಣ ಸಂಗ್ರಹಿಸಿಕೊಟ್ಟ ಕಿಕ್‌ಸ್ಟಾರ್ಟರ್ ಕೂಡ ಪ್ರತಿವಾದಿಯಾಗಬೇಕಾಯಿತು. ಆ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2014ರಲ್ಲಿ.

ಪ್ರಶ್ನೆ: ಪ್ರಚಾರದ ಪುಟದಲ್ಲಿ ವಿಶ್ವವಿದ್ಯಾಲಯದ ಹೆಸರು, ಲಾಂಛನ ಬಳಸಬಹುದೇ?

ಉತ್ತರ: ಲಿಖಿತ ಅನುಮತಿಯಿಲ್ಲದೆ ಬಳಸಬೇಡಿ. ನೀವು ಎಲ್ಲಿ ಓದಿದಿರಿ ಎಂದು ಹೇಳುವುದು ಬೇರೆ, ಸಂಸ್ಥೆಯೇ ಈ ಉತ್ಪನ್ನಕ್ಕೆ ಹೊಣೆ ಎಂಬ ಭಾವನೆ ಹುಟ್ಟಿಸುವುದು ಬೇರೆ.

ಪ್ರಶ್ನೆ: ಎಷ್ಟು ಹಣ ಕೇಳಬೇಕು, ಎಷ್ಟು ದಿನದಲ್ಲಿ ತಲುಪಿಸುತ್ತೇವೆಂದು ಹೇಳಬೇಕು?

ಉತ್ತರ: ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟದಿದ್ದರೆ ಒಂದು ಡಾಲರ್ ಕೂಡ ಕೈಗೆ ಬರುವುದಿಲ್ಲ, ಕೊಡಲು ಒಪ್ಪಿದವರ ಖಾತೆಯಿಂದ ಹಣ ಕಡಿತವೇ ಆಗುವುದಿಲ್ಲ. ಇದಕ್ಕೆ ಹೆದರಿ ಕೆಲವರು ಗುರಿಯನ್ನು ತೀರಾ ಕೆಳಗಿಡುತ್ತಾರೆ. ಅದು ಅಪಾಯಕಾರಿ. ಐವತ್ತು ಉಪಕರಣಗಳಿಗೆ ಸಾಲುವಷ್ಟು ಹಣ ಬಂದು, ಅಚ್ಚು ತಯಾರಿಸಲು ಬೇಕಾದದ್ದು ಅದರ ಹತ್ತು ಪಟ್ಟಾಗಿದ್ದರೆ, ಗೆದ್ದ ಪ್ರಚಾರವೇ ನಿಮ್ಮನ್ನು ಮುಳುಗಿಸುತ್ತದೆ. ಅಚ್ಚು, ಬಿಡಿಭಾಗ, ಸುರಕ್ಷತಾ ಪ್ರಮಾಣಪತ್ರ, ಪ್ಯಾಕಿಂಗ್, ಸಾಗಣೆ, ತೆರಿಗೆ, ಕೆಟ್ಟುಹೋದ ಉಪಕರಣಗಳ ಬದಲಿ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವೇದಿಕೆಯ ಶೇಕಡಾ 5ರ ಶುಲ್ಕ ಮತ್ತು ಹಣ ಪಾವತಿಯ ವೆಚ್ಚವನ್ನು ಬೇರೆಯಾಗಿ ಸೇರಿಸಿ. ಪ್ರಯೋಗಾಲಯದಲ್ಲಿ ಒಂದು ಉಪಕರಣವನ್ನು ನೀವೇ ಕೂತು ಹೊಂದಿಸಿದ್ದೀರಿ. ಸಾವಿರ ಸಂವೇದಕಗಳನ್ನು ಒಂದೇ ನಿಖರತೆಗೆ ಹೊಂದಿಸಲು ಎಷ್ಟು ಜನ, ಎಷ್ಟು ದಿನ ಬೇಕು ಎಂಬುದನ್ನು ಈಗಲೇ ಮಾಡಿ ನೋಡಿ.

ಅವಧಿಯ ವಿಷಯದಲ್ಲಿ ಉದಾರವಾಗಿರಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮೊಲಿಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ ಪಡೆದ ಯೋಜನೆಗಳಲ್ಲಿ ಶೇಕಡಾ 75ಕ್ಕೂ ಹೆಚ್ಚಿನವು ಹೇಳಿದ ಸಮಯಕ್ಕೆ ಉತ್ಪನ್ನ ತಲುಪಿಸಿರಲಿಲ್ಲ. ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಓದಿದ ಎರಿಕ್ ಮಿಗಿಕೋವ್‌ಸ್ಕಿ 2012ರಲ್ಲಿ ಪೆಬಲ್ ಕೈಗಡಿಯಾರಕ್ಕೆ ಸುಮಾರು 69 ಸಾವಿರ ಜನರಿಂದ 1 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹಿಸಿದರು. ಸೆಪ್ಟೆಂಬರಿಗೆ ತಲುಪಬೇಕಿದ್ದ ಗಡಿಯಾರಗಳ ರವಾನೆ ಆರಂಭವಾದದ್ದು ಮರುವರ್ಷದ ಜನವರಿಯಲ್ಲಿ. ಇಂಥ ವಿಳಂಬವನ್ನು ಜನ ಸಹಿಸಿಕೊಳ್ಳುತ್ತಾರೆ, ಸಹಿಸಲಾಗದ್ದು ಮೌನವನ್ನು. ಕೆಲಸ ನಿಂತಿದ್ದರೆ ಏಕೆ ನಿಂತಿದೆ ಎಂದು ತಿಂಗಳಿಗೊಮ್ಮೆಯಾದರೂ ಬರೆಯಿರಿ.

ಪ್ರಶ್ನೆ: ಉತ್ಪನ್ನದ ಬದಲು ಷೇರುಗಳನ್ನೇ ಸಾರ್ವಜನಿಕರಿಗೆ ಕೊಡುವುದು ಹೆಚ್ಚು ನ್ಯಾಯವಲ್ಲವೇ?

ಉತ್ತರ: ನ್ಯಾಯದ ದೃಷ್ಟಿಯಿಂದ ನಿಮ್ಮ ಪ್ರಶ್ನೆಯಲ್ಲಿ ತೂಕವಿದೆ, ಏಕೆಂದರೆ ಆರಂಭದ ಅಪಾಯ ಹೊತ್ತವರಿಗೆ ಬೆಳವಣಿಗೆಯ ಲಾಭದಲ್ಲೂ ಪಾಲು ಸಿಗಬೇಕು. ಆದರೆ ಷೇರು ಮಾರಾಟಕ್ಕೆ ಎಲ್ಲೆಡೆಯೂ ಕಾನೂನಿನ ಕಾವಲಿದೆ. ಅಮೆರಿಕದಲ್ಲಿ ಸಾಮಾನ್ಯ ಜನರು ಹೀಗೆ ಹೂಡಲು 2016ರ ಮೇ ತಿಂಗಳಿಂದ ಅವಕಾಶವಾಯಿತು, ಈಗ ಕಂಪನಿಯೊಂದು ವರ್ಷಕ್ಕೆ 50 ಲಕ್ಷ ಡಾಲರ್‌ವರೆಗೆ ಸಂಗ್ರಹಿಸಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2021ರ ನವೆಂಬರ್‌ನಿಂದ ಜಾರಿಯಲ್ಲಿರುವ ನಿಯಮದ ಮಿತಿ 50 ಲಕ್ಷ ಯೂರೋ. ಅನುಮತಿಯಿಲ್ಲದ ಕಡೆ ಷೇರಿನ ಆಸೆ ತೋರಿಸಿ ಹಣ ಕೇಳುವುದೇ ಅಪರಾಧವಾಗಬಹುದಾದ್ದರಿಂದ ವಕೀಲರ ಸಲಹೆ ಪಡೆಯದೆ ಹೆಜ್ಜೆ ಇಡಬೇಡಿ. ಅನುಮತಿ ಇದ್ದರೂ, ನೂರಾರು ಸಣ್ಣ ಷೇರುದಾರರ ಹೆಸರು ಕಂಪನಿಯ ದಾಖಲೆಯಲ್ಲಿ ಒಬ್ಬೊಬ್ಬರಾಗಿ ಇರುವ ಬದಲು ಅವರೆಲ್ಲರ ಪರವಾಗಿ ಒಂದೇ ಸಂಸ್ಥೆ ಷೇರು ಹೊಂದುವ ವ್ಯವಸ್ಥೆಯಿದ್ದರೆ ಅದನ್ನೇ ಆರಿಸಿಕೊಳ್ಳಿ. ಮುಂದೆ ದೊಡ್ಡ ಹೂಡಿಕೆದಾರರು ಬಂದಾಗ ಪ್ರತಿಯೊಂದು ನಿರ್ಣಯಕ್ಕೂ ನೂರಾರು ಸಹಿ ಹುಡುಕುವ ಕಷ್ಟ ತಪ್ಪುತ್ತದೆ.