‘ಆಮ್ಯಾಲೆ ಹೇಳ್ತೀನಿ’ ಅನ್ನುವ ಕೈ

ಇದರಲ್ಲಿ ಬರುವವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮತ್ತು ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ.

ಶೈಲಾಗೆ 24 ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸದು. ಹುಬ್ಬಳ್ಳಿ ಹತ್ತಿರದ ಹಳ್ಳಿಯಲ್ಲಿ ಜಂಪರ್ ಹೊಲಿಯುತ್ತಾಳೆ. ಎರಡು ತಿಂಗಳಿಂದ ಊಟವಿಲ್ಲ, ನಿದ್ದೆಯಿಲ್ಲ, ಮಷಿನ್ ಮುಂದೆ ಸುಮ್ನೆ ಕೂತಿರುತ್ತಾಳೆ ಅಂತ ತಾಯಿ ಧಾರವಾಡಕ್ಕೆ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆತಂದರು.

ನಾನು ಶೈಲಾಳ ಮುಖ ನೋಡಿ ಕೇಳಿದ್ದಕ್ಕೆಲ್ಲ ತಾಯಿಯದೇ ಉತ್ತರ. “ಅಕಿಗೇನ್ ತಿಳೀತೈತ್ರಿ ಮೇಡಂ, ನನ್ನ ಕೇಳ್ರಿ.” ಶೈಲಾ ತಾಯಿಯ ತೋಳು ತಟ್ಟಿ ‘ಏನು’ ಅಂತ ಸನ್ನೆ ಮಾಡಿದಳು. ಅವರು ನನ್ನ ಕಡೆಯೇ ನೋಡುತ್ತಾ ಬಲಗೈ ಬೀಸಿದರು. ಆಮ್ಯಾಲೆ ಹೇಳ್ತೀನಿ. ಮುಕ್ಕಾಲು ಗಂಟೆಯಲ್ಲಿ ಆ ಕೈ ಐದಾರು ಸಲ ಬೀಸಿತು. ಇದು ನನಗೆ ಹೊಳೆದದ್ದು ರಾತ್ರಿ ನೋಟ್ಸ್ ಬರೆಯುವಾಗ. ಅವಳೆದುರೇ ಅವಳ ಬಗ್ಗೆ ಮಾತಾಡಿ ಕಳಿಸಿದ್ದೆ. ನಾನೂ ಕೈ ಬೀಸಿದಂಗೇ ಆಯ್ತು, ಅಲ್ವಾ?

ಮೊದಲು ನಾನು ಬರೀ ಥೆರಪಿ ಮಾಡುತ್ತಿದ್ದೆ. ಎರಡು ಕುರ್ಚಿ, ಮುಚ್ಚಿದ ಬಾಗಿಲು, ಒಂದು ಗಂಟೆ. ಬಸ್ ಚಾರ್ಜ್ ಇಲ್ಲದೆ ಎರಡನೇ ಸಲ ಬಾರದವರು ಜಾಸ್ತಿಯಾದಾಗ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯೂ ಓದಿದೆ. ಮನೆ, ದುಡ್ಡು, ದಾರಿ ಎಲ್ಲ ಕೇಳುವುದು ಅಲ್ಲಿ ರೂಢಿಯಾಯ್ತು. ಆದರೂ ‘ನಿಮ್ಮ ಭಾಷೆ ಯಾವುದು’ ಅಂತ ಶೈಲಾಳನ್ನು ಕೇಳಿರಲಿಲ್ಲ.

ಎರಡನೇ ಭೇಟಿಗೆ ಸನ್ನೆ ಭಾಷೆ ಬಲ್ಲ ದುಭಾಷಿಯೊಬ್ಬರನ್ನು ಕರೆಸಿದೆ. ಸಂಬಂಧಿಕರಲ್ಲದವರೇ ಬೇಕಿತ್ತು. ತಾಯಿಯನ್ನು ಹೊರಗೆ ಕೂರಿಸಿದೆ. ಶೈಲಾಳ ಕೈಗಳು ಎಷ್ಟು ಜೋರಾಗಿ ಓಡಿದವೆಂದರೆ ದುಭಾಷಿ ಎರಡು ಸಲ ‘ಸ್ವಲ್ಪ ತಡಿ’ ಅಂದರು. ಮನೆಗೆ ಐದು ಜನ ಬಂದರು, ಅವಲಕ್ಕಿ ತಿಂದರು, ಅವಳನ್ನು ನೋಡಿದರು, ಹೋದರು. ಯಾರು ಅಂತ ಕೇಳಿದರೆ ತಾಯಿ ಕೈ ಬೀಸಿದರು. ವಾರದ ಮೇಲೆ ತಾಯಿ ತಾಳಿಗೆ ಬಂಗಾರ ತಂದಾಗ ತಿಳಿಯಿತು. “ಮದುವೆ ಬೇಡ ಅಂತಲ್ಲ. ಹುಡುಗನ ಹೆಸರೂ ಗೊತ್ತಿಲ್ಲ.”

ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು. ಊಟ, ನಿದ್ದೆ ಕೆಟ್ಟಿದ್ದರಿಂದ ಇಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಲು ಚೀಟಿ ಕೊಟ್ಟೆ. ಅಭ್ಯಾಸಬಲದಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆಯಲು ಹೋಗಿ ಪೆನ್ನು ನಿಂತಿತು. ಕಿವಿ ಕೇಳಿಸದವಳಿಗೆ ಫೋನ್ ನಂಬರ್!

ಶೈಲಾ ಹೇಳಿದ್ದನ್ನು ಅವಳು ಒಪ್ಪದೆ ನಿಮಗೆ ಹೇಳಲ್ಲ ಅಂತ ನಾನಂದಾಗ ತಾಯಿ ಸಿಟ್ಟಾದರು. “ಮಗಳದು ತಾಯಿಗೆ ಗುಟ್ಟೇನ್ರಿ?” ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಗೌಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. ಕಾನೂನು ಹೇಳಿದ್ದಕ್ಕಿಂತ ಚಹಾ ತರಿಸಿದ್ದು ಜಾಸ್ತಿ ಕೆಲಸ ಮಾಡಿತು. 24 ವರ್ಷ ಒಬ್ಬರೇ ಹೊತ್ತವರು, ಅವರನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ. ಕೊನೆಗೆ ಶೈಲಾಳೇ ಅವರನ್ನು ಒಳಗೆ ಕರೆಸಿ ಎಲ್ಲ ಹೇಳಿದಳು.

ಹುಡುಗನನ್ನು ಅವಳು ತಾನೇ ನೋಡಿ ಮಾತಾಡುವವರೆಗೆ ಮದುವೆ ಮಾತು ನಿಲ್ಲಿಸಿ ಅಂದೆ. ಅವಳಿಗೆ ಕನ್ನಡ ಓದಲು ಬರುತ್ತದೆ, ವಾಟ್ಸಾಪ್ ಸಾಕು. ಊಟಕ್ಕೆ ಕೂತಾಗ ಎಲ್ಲರೂ ನಕ್ಕರೆ, ಯಾಕೆ ನಕ್ಕೆವು ಅಂತ ಆಗಲೇ ಒಂದು ಸಾಲು ಅವಳಿಗೆ ತಿಳಿಸಬೇಕು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ, ವಿಡಿಯೋದಲ್ಲೇ ನೋಡಬಹುದು. ದಿನಕ್ಕೆ ಐದು ಕಲಿಯಿರಿ ಅಂದೆ. ತಮ್ಮ ಕಲಿಯುತ್ತಿದ್ದಾನೆ. ಅಪ್ಪ ಇನ್ನೂ ಸನ್ನೆಗೆ ಕೈ ಎತ್ತಿಲ್ಲ.

ದುಭಾಷಿಯ ಫೀಸು ಎರಡು ಸಲ ನಾನೇ ಕೊಟ್ಟೆ. ನಾಲ್ಕನೇ ಭೇಟಿ ಮುಂದಿನ ಮಂಗಳವಾರ. ದುಡ್ಡು ಹೊಂದಿಸಬೇಕು.