ತನ್ನನ್ನು ತಾನು ಪ್ರೀತಿಸಿಕೊಂಡರೆ ಒಳ್ಳೆಯ ಲೀಡರ್ ಆಗಬಹುದಾ?

ನೀವು ಹೊಸದಾಗಿ ಟೀಮ್ ಲೀಡ್ ಆಗಿದ್ದೀರಿ. ಸಣ್ಣ ತಪ್ಪಾದರೂ ರಾತ್ರಿ ನಿದ್ದೆ ಬರುವುದಿಲ್ಲ, ನಿಮ್ಮನ್ನೇ ಬೈದುಕೊಳ್ಳುತ್ತೀರಿ. "ಮೊದಲು ನಿನ್ನನ್ನು ನೀನು ಪ್ರೀತಿಸು" ಅಂತ ಗೆಳೆಯರು ಹೇಳಿದರೆ ಅದು ಸೋಮಾರಿತನಕ್ಕೆ ನೆಪ ಅನ್ನಿಸುತ್ತದೆ. ಬೈದುಕೊಳ್ಳದಿದ್ದರೆ ಬೆಳೆಯುವುದು ಹೇಗೆ ಅಂತ ಕೇಳಿದ್ದೀರಿ.

ನಮ್ಮಲ್ಲಿ ಹೆಚ್ಚಿನವರು ಬೈಗುಳದಿಂದಲೇ ಮನುಷ್ಯ ಸುಧಾರಿಸುತ್ತಾನೆ ಅಂತ ನಂಬಿಕೊಂಡೇ ಬೆಳೆದವರು. ಹಾಗಾಗಿ ನಿಮ್ಮ ಅನುಮಾನ ಸಹಜ. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಅಧ್ಯಯನವದು. ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪದಗಳ ಒಂದು ಕಷ್ಟದ ಪರೀಕ್ಷೆ ಕೊಟ್ಟರು. ಆಮೇಲೆ ಕೆಲವರಿಗೆ "ಇದು ಎಲ್ಲರಿಗೂ ಕಷ್ಟವಾಗುತ್ತದೆ, ನಿಮ್ಮ ಮೇಲೆ ನೀವು ಕಠಿಣವಾಗಬೇಡಿ" ಎಂಬ ಅರ್ಥದ ಮಾತು ಹೇಳಿದರು. ಇನ್ನು ಕೆಲವರಿಗೆ "ಇಲ್ಲಿ ಸೀಟು ಸಿಕ್ಕಿದೆ ಅಂದರೆ ನೀವು ಬುದ್ಧಿವಂತರೇ" ಅಂತ ಹೊಗಳಿದರು. ಉಳಿದವರಿಗೆ ಏನೂ ಹೇಳಲಿಲ್ಲ. ಎರಡನೇ ಪರೀಕ್ಷೆಗೆ ಎಷ್ಟು ಹೊತ್ತು ಬೇಕಾದರೂ ಓದಿಕೊಳ್ಳಬಹುದಿತ್ತು. ಜಾಸ್ತಿ ಹೊತ್ತು ಕೂತು ಓದಿದ್ದು ಮೊದಲ ಗುಂಪು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಹೊಗಳಿಸಿಕೊಂಡವರ ಗುಂಪು. ಹೊಗಳಿಕೆ ಅವರನ್ನು ಅಷ್ಟು ಹೊತ್ತು ಕೂರಿಸಲಿಲ್ಲ. "ನಾನು ಗ್ರೇಟ್" ಅಂದುಕೊಳ್ಳುವುದು ಬೇರೆ, ತಪ್ಪಾದಾಗಲೂ ನನ್ನ ಕೈ ನಾನು ಬಿಡುವುದಿಲ್ಲ ಅನ್ನುವುದು ಬೇರೆ. ಎರಡನೆಯದು ಇದ್ದರೆ ತಪ್ಪನ್ನು ಹತ್ತಿರದಿಂದ ನೋಡುವ ಧೈರ್ಯ ಬರುತ್ತದೆ. ಬೈದುಕೊಳ್ಳುವವರ ಶಕ್ತಿಯೆಲ್ಲ ಬೈಗುಳ ತಡೆದುಕೊಳ್ಳುವುದಕ್ಕೇ ಖರ್ಚಾಗುತ್ತದೆ, ಅಲ್ವಾ?

ಲೀಡರ್ ವಿಷಯಕ್ಕೆ ಬರೋಣ. ನನಗೆ ಹಿಂದೆ ಒಬ್ಬರು ಮ್ಯಾನೇಜರ್ ಇದ್ದರು. ಒಂದು ಸಾಫ್ಟ್‌ವೇರ್ ರಿಲೀಸ್ ಎರಡು ವಾರ ತಡವಾಯಿತು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದೆವು. ಅವರು ಬೋರ್ಡಿನ ಮೇಲಿದ್ದ ತಾರೀಕಿಗೆ ಸುತ್ತು ಹಾಕಿ, "ಈ ಅಂದಾಜು ಕೊಟ್ಟಿದ್ದು ನಾನು. ಟೆಸ್ಟಿಂಗಿಗೆ ಬೇಕಾದ ದಿನ ಲೆಕ್ಕಕ್ಕೆ ತಗೊಂಡಿರಲಿಲ್ಲ" ಅಂದರು. ದನಿಯಲ್ಲಿ ನಡುಕವಿಲ್ಲ, ನಾಟಕವೂ ಇಲ್ಲ. ಮುಂದಿನ ವಾರ ನಮ್ಮಲ್ಲೇ ಚಿಕ್ಕ ಹುಡುಗನೊಬ್ಬ ತಾನು ಬರೆದ ಕೋಡಿನಲ್ಲಿ ದೋಷ ಇದೆ ಅಂತ ತಾನಾಗೇ ಬಂದು ಹೇಳಿದ. ಕ್ಲೈಂಟ್ ಕಣ್ಣಿಗೆ ಬೀಳುವ ಮೊದಲೇ ಸರಿಯಾಯಿತು. ತನ್ನ ತಪ್ಪಿಗೆ ಹೆದರುವ ಲೀಡರ್ ಮುಂದೆ ಯಾರೂ ಹಾಗೆ ಬಂದು ಹೇಳುವುದಿಲ್ಲ.

ಕ್ರಿಕೆಟ್ ನೋಡುವವರಾದರೆ ಇಂಗ್ಲೆಂಡಿನ ಆಟಗಾರ ಬೆನ್ ಸ್ಟೋಕ್ಸ್ ನೆನಪಿಸಿಕೊಳ್ಳಿ. 2021ರ ಜುಲೈ ಕೊನೆಯಲ್ಲಿ, ಭಾರತದ ವಿರುದ್ಧದ ಟೆಸ್ಟ್ ಸರಣಿ ಇನ್ನೇನು ಶುರುವಾಗಬೇಕು ಅನ್ನುವಾಗ, ಮನಸ್ಸಿನ ಆರೋಗ್ಯ ನೋಡಿಕೊಳ್ಳಬೇಕು ಅಂತ ಆಟದಿಂದ ದೂರ ಉಳಿದರು. 2022ರ ಏಪ್ರಿಲ್‌ನಲ್ಲಿ ಟೆಸ್ಟ್ ನಾಯಕರಾದರು. ಅದಕ್ಕೆ ಮೊದಲಿನ 17 ಟೆಸ್ಟ್‌ಗಳಲ್ಲಿ ಇಂಗ್ಲೆಂಡ್ ಗೆದ್ದಿದ್ದು ಒಂದೇ ಒಂದು. ಅವರ ಕೈಕೆಳಗೆ ಮೊದಲ 11ರಲ್ಲಿ 10 ಗೆದ್ದಿತು. ಎಜ್‌ಬಾಸ್ಟನ್‌ನಲ್ಲಿ ನಮ್ಮ ವಿರುದ್ಧವೇ 378 ರನ್ ಬೆನ್ನಟ್ಟಿದ್ದು ಮರೆಯುವುದುಂಟೇ! ಕೋಚ್ ಮೆಕಲಮ್ ಪಾಲೂ ಅದರಲ್ಲಿ ದೊಡ್ಡದು. ಆದರೂ ಸೋಲಿಗೆ ಹೆದರದೆ ಆಡಿ ಅಂತ ಸ್ಟೋಕ್ಸ್ ಹೇಳಿದಾಗ ಹುಡುಗರು ನಂಬಿದರು. ತನಗೆ ಸಾಕಾಗಿದೆ ಅಂತ ಎಲ್ಲರೆದುರು ಒಪ್ಪಿಕೊಂಡಿದ್ದ ಮನುಷ್ಯನ ಮಾತಾದ್ದರಿಂದ ಅದಕ್ಕೆ ತೂಕವಿತ್ತು ಅನ್ನುವುದು ನನ್ನ ನಂಬಿಕೆ.

ಇನ್ನು ಮಾಡುವುದೇನು? ಕ್ರಿಸ್ಟಿನ್ ನೆಫ್ ಎಂಬ ಮನಶ್ಶಾಸ್ತ್ರಜ್ಞೆ ಹೇಳುವ ಒಂದು ಅಭ್ಯಾಸ ಸುಲಭವಾಗಿದೆ. ಇದೇ ತಪ್ಪು ನಿಮ್ಮ ಆಪ್ತ ಗೆಳತಿ ಮಾಡಿದ್ದರೆ ಏನು ಹೇಳುತ್ತಿದ್ದಿರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಿಮಗೆ ನೀವು ಹೇಳಿಕೊಂಡಿದ್ದನ್ನು ಪಕ್ಕದಲ್ಲೇ ಬರೆಯಿರಿ. ಗೆಳತಿಗೆ ಬರೆದ ಮಾತಿನಲ್ಲಿ ತಪ್ಪನ್ನು ಮುಚ್ಚಿಟ್ಟಿರುವುದಿಲ್ಲ, "ಮುಂದಿನ ಸಲ ಹೀಗೆ ಮಾಡು" ಅನ್ನುವುದೂ ಇರುತ್ತದೆ. ಅದನ್ನೇ ನಿಮಗೂ ಹೇಳಿಕೊಳ್ಳಿ.

ನಿದ್ದೆ ಬರದಿರುವುದನ್ನು ಮಾತ್ರ ಸುಮ್ನೆ ಬಿಡಬೇಡಿ. ವಾರಗಟ್ಟಲೆ ಹಾಗೇ ಇದ್ದರೆ ಆಪ್ತಸಮಾಲೋಚಕರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೂ ಆಗುತ್ತದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.