ಕಡಲಿಗೆ ಕಾವಲು ಯಾರದ್ದು?

ಪ್ರಶ್ನೆ: ಯುರೋಪಿನಲ್ಲಿ ಹಾನ್ಸಾ ಅಂತ ವ್ಯಾಪಾರಿಗಳ ಕೂಟ ಇತ್ತಂತೆ, ಒಬ್ಬ ರಾಜನ ಮೇಲೆಯೇ ಯುದ್ಧ ಮಾಡಿ ಗೆದ್ದಿತಂತೆ. ನಮ್ಮ ಕಡೆ ಅಂಥದ್ದು ಇರಲಿಲ್ವಾ? ಬೇಕಲ ಕೋಟೆ ಹಡಗು ಕಾಯಲಿಕ್ಕೇ ಕಟ್ಟಿದ್ದಲ್ವಾ?
– ಓದುಗರೊಬ್ಬರು, ಉಪ್ಪಳ

ಉತ್ತರ: ಬೇಕಲವನ್ನು ಮೊದಲು ಬದಿಗಿಡಿ. ಅದು ಕೆಳದಿಯ ಶಿವಪ್ಪ ನಾಯಕನ ಕಾಲದ್ದು, 1650ರ ಆಸುಪಾಸು. ನೀವು ಕೇಳುತ್ತಿರುವುದು ಅದಕ್ಕೂ ಮುನ್ನೂರು ವರ್ಷ ಹಿಂದಿನ ಮಾತು.

ಹಾನ್ಸಾ ಗೆದ್ದದ್ದು ನಿಜ. ಡೆನ್ಮಾರ್ಕಿನ ರಾಜ ನಾಲ್ಕನೇ ವಾಲ್ಡೆಮಾರ್ 1361ರಲ್ಲಿ ಹಾನ್ಸಾಕ್ಕೆ ಸೇರಿದ ವಿಸ್ಬಿ ಪೇಟೆಯನ್ನು ಹಿಡಿದ. ಅವನನ್ನು ಎದುರಿಸಲು ಹೋದ ಹಾನ್ಸಾ ಪೇಟೆಗಳವರು ಮರುವರ್ಷ ಸೋತೂ ಬಂದರು. 1367ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಸೇರಿ, ತಮ್ಮ ಬಂದರುಗಳಲ್ಲಿ ತಾವೇ ಸರಕಿನ ಮೇಲೆ ಸುಂಕ ಹಾಕಿ, ಆ ದುಡ್ಡಿನಲ್ಲಿ ಹಡಗು ಪಡೆ ಹೊರಡಿಸಿದರು ನೋಡಿ, ಅಲ್ಲಿ ಆಟ ತಿರುಗಿತು. 1370ರ ಸ್ಟ್ರಾಲ್‌ಸುಂಡ್ ಒಪ್ಪಂದದಲ್ಲಿ ಸ್ಕೋನೆ (ಈಗಿನ ಸ್ವೀಡನ್ನಿನ ದಕ್ಷಿಣ ತುದಿ) ತೀರದ ಕೋಟೆಗಳು 15 ವರ್ಷ ಅವರ ಕೈಗೆ ಬಂದವು, ಅಲ್ಲಿನ ಆದಾಯದ ಮೂರರಲ್ಲಿ ಎರಡು ಪಾಲು ಕೂಡ. ಆ ತೀರದ ಮುಖ್ಯ ವ್ಯಾಪಾರ ಹೆರಿಂಗ್ ಮೀನು, ನಮ್ಮ ಬೂತಾಯಿಯ ಕುಲದ್ದೇ!

ನಮ್ಮಲ್ಲಿ ಐಹೊಳೆಯ ಐನೂರ್ವರು ಅನ್ನುವ ವ್ಯಾಪಾರಿಗಳ ಕೂಟ ಇತ್ತು. ಸುಮಾತ್ರಾದ ಬಾರೂಸ್‌ನಲ್ಲಿ ಅವರ 1088ರ ತಮಿಳು ಶಾಸನ ಉಂಟು, ಬಂದ ಹಡಗಿನವರು ಎಷ್ಟು ಕೊಡಬೇಕು ಅಂತ ಅದರಲ್ಲಿ ಬರೆಸಿದ್ದಾರೆ. ಅವರ ಬಳಿ ಎರಿವೀರರು ಅನ್ನುವ ಭಟರೂ ಇದ್ದರು, ಆ ಭಟರು ಕಾಯುತ್ತಿದ್ದ ಪೇಟೆಗಳಿಗೆ ಎರಿವೀರಪಟ್ಟಣ ಅಂತಲೇ ಹೆಸರು. ಆದರೆ ಆ ಕಾವಲು ಜಾಸ್ತಿ ದಾರಿಗೆ, ಸಂತೆಗೆ, ದಾಸ್ತಾನಿಗೆ. ಯಾಕೆಂದರೆ ಹಾನ್ಸಾ ಅಂದರೆ ಊರುಗಳ ಕೂಟ. ಅದರ ಮುಖ್ಯ ಊರಾದ ಲ್ಯೂಬೆಕ್‌ಗೆ ತನ್ನದೇ ಗೋಡೆ, ತನ್ನದೇ ಸಭೆ, ತನ್ನದೇ ಬಂದರು. ಐನೂರ್ವರು ಊರೂರು ತಿರುಗುವವರು, ಬಂದರು ಅರಸನದ್ದು.

ಅಷ್ಟರಲ್ಲಿ ಕಡಲೇನು ಸುಮ್ನೆ ಇತ್ತಾ? ಮಲಬಾರಿನ ಕಡಲ್ಗಳ್ಳರು 20–30 ಹಡಗು ಸೇರಿಸಿ, ಐದಾರು ಮೈಲಿಗೊಂದರಂತೆ ಸಾಲಾಗಿ ನಿಂತು, ಬೇಟೆ ಕಂಡರೆ ಹೊಗೆ ಎಬ್ಬಿಸಿ ಸನ್ನೆ ಮಾಡುತ್ತಿದ್ದರು ಅಂತ ಮಾರ್ಕೊ ಪೋಲೊ ಬರೆದಿದ್ದಾನೆ. ನಮ್ಮ ಪಕ್ಕದ, ಕಣ್ಣೂರು ಕಡೆಯ ಏಳಿಮಲೆಯಲ್ಲಂತೂ ಬೇರೆಲ್ಲಿಗೋ ಹೊರಟ ಹಡಗು ತಪ್ಪಿ ಬಂದರೆ, ದೇವರೇ ಕಳಿಸಿದ್ದು ಅಂತ ದೋಚುತ್ತಿದ್ದರಂತೆ. ಬಾರಕೂರಿನ ಅರಸನದ್ದು ಇನ್ನೊಂದು ಬಗೆ. ಹಾದುಹೋಗುವ ಹಡಗು ನಿಂತು ಕಾಣಿಕೆ ಕೊಡಬೇಕು, ಇಲ್ಲವಾದರೆ ಅಟ್ಟಿಸಿಕೊಂಡು ಹೋಗುತ್ತಿದ್ದ ಅನ್ನುತ್ತಾನೆ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ. ಇದನ್ನು ಸುಂಕ ಅನ್ನುತ್ತೀರೋ ದರೋಡೆ ಅನ್ನುತ್ತೀರೋ, ನಿಮಗೆ ಬಿಟ್ಟದ್ದು.

ನಮ್ಮ ವ್ಯಾಪಾರಿಗೆ ಇದ್ದ ದೊಡ್ಡ ಆಯುಧ ಬೇರೆ ಬಂದರಿಗೆ ಹೋಗಿಬಿಡುವುದು, ಅಷ್ಟೇ ಅಂತ ನನಗನ್ನಿಸುತ್ತದೆ. ಅದು ಅರಸರಿಗೂ ನಾಟಿತ್ತು. ಆಂಧ್ರದ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವ 1244ರಲ್ಲಿ ಅಭಯಶಾಸನ ಬರೆಸಿದ: ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ಹಡಗಿನ ಸರಕನ್ನು ಹಿಂದಿನ ಅರಸರು ಕಿತ್ತುಕೊಳ್ಳುತ್ತಿದ್ದರು, ನಾನು ಗೊತ್ತಾದ ಸುಂಕ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅಂತ.